ಎರಿ ಮಣ್ಣಿನ ಮ್ಯಾಲ ಬಿಸಿನೆಸ್ ಪಾರ್ಕ್: ರಸ್ತೆ ಬಾಳಬೇಕಂದ್ರ ಏನ್ ಮಾಡಬೇಕು?

ಹಳೇ ಹುಬ್ಬಳ್ಳಿಯಿಂದ ಕಾರವಾರ ರಸ್ತೆ ಹಿಡಿದು ಕಲಘಟಗಿ ಕಡೆ ಹೊರಡ್ರಿ. ಹೋಗ್ತಾ ಹೋಗ್ತಾ ಹೊಲದ ಬಣ್ಣ ಕಪ್ಪಿನಿಂದ ಕೆಂಪಿಗೆ ತಿರುಗ್ತದ. ಅದೇ ಊರಿನಿಂದ ನವಲಗುಂದದ ಕಡೆ ಹೊರಟರೆ ಮಣ್ಣು ಇನ್ನಷ್ಟು ಕಪ್ಪು, ಇನ್ನಷ್ಟು ಆಳ. ಒಂದು ಕಡೆ ಮಸಾರಿ, ಇನ್ನೊಂದು ಕಡೆ ಎರಿ. ನಡುವೆ ನಮ್ಮ ಹುಬ್ಬಳ್ಳಿ. ರೈತರಿಗೆ ಇದು ಗೊತ್ತಿರುವ ವಿಷಯ. ಮಳೆಗಾಲದಲ್ಲಿ ಎರಿ ಹೊಲಕ್ಕೆ ಚಕ್ಕಡಿ ಇಳಿಸಬಾರದು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಮಾತ್ರ ಅದೇ ಹೊಲದ ಮೇಲೆ ಡಾಂಬರು ಹಾಕಿ, ಎರಡು ಮಳೆಗಾಲ ಕಳೆದ ಮೇಲೆ "ರಸ್ತೆ ಯಾಕ ಹಿಂಗಾತು?" ಅಂತ ಕೇಳ್ತೇವೆ.

ಊರು ಬೆಳೀತಾ ಇದೆ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತು, ತಾರಿಹಾಳ, ವಿಮಾನ ನಿಲ್ದಾಣದ ಹತ್ತಿರ 2022ರಲ್ಲಿ ಶುರುವಾದ ಇನ್ಫೋಸಿಸ್ ಕ್ಯಾಂಪಸ್, ಇಟಿಗಟ್ಟಿಯ ಏಕಸ್ ಕ್ಲಸ್ಟರ್, ಧಾರವಾಡದ ಆಚೆ ಬೇಲೂರು, ಮುಮ್ಮಿಗಟ್ಟಿ. ಇನ್ನೂ ಹತ್ತು ಬರಬಹುದು, ಬರಲಿ. ನಮ್ಮಲ್ಲಿ ಬಹಳ ಮಂದಿಗೆ ಊರು ಬಿಟ್ಟು ಬೆಂಗಳೂರಿನ ರೈಲು ಹತ್ತದೆ ಇಲ್ಲೇ ಕೆಲಸ ಸಿಗಬೇಕು ಅಂದ್ರೆ ಇವು ಬೇಕೇ ಬೇಕು. ಆದರೆ ಇಂಥ ಪಾರ್ಕ್ ಅಂದ್ರೆ ಮೊದಲು ಕಟ್ಟಡ ಅಲ್ಲ. ರಸ್ತೆ, ಗಟಾರ, ಪೈಪು, ಕೇಬಲ್ಲು. ಅವುಗಳನ್ನು ಈ ಮಣ್ಣಿನಲ್ಲಿ, ಈ ಮಳೆಯಲ್ಲಿ, ಕೆಳಗಿನ ಓಣಿಗಳಿಗೆ ತೊಂದರೆ ಆಗದ ಹಾಗೆ ಕಟ್ಟೋದು ಹೇಗೆ ಅನ್ನೋದೇ ಈ ಲೇಖನದ ವಿಷಯ. ಸಿವಿಲ್‌ನವರು ಕೆಲವು ಕಡೆ "ಇದು ನಮಗ ಗೊತ್ತದ" ಅನ್ನಬಹುದು. ಉಳಿದ ಬ್ರ್ಯಾಂಚಿನವರಿಗಾಗಿ ಬುಡದಿಂದ ಶುರು ಮಾಡೋಣ.

ಮೊದಲು ಮಣ್ಣು

ಎರಿ ಮಣ್ಣು, ಅಂದ್ರೆ ಪಠ್ಯಪುಸ್ತಕದ ಬ್ಲ್ಯಾಕ್ ಕಾಟನ್ ಸಾಯಿಲ್. ಇದರೊಳಗೆ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ಅದರ ರಚನೆ ಇಸ್ಪೀಟು ಎಲೆಗಳ ಕಟ್ಟಿನ ಹಾಗೆ: ಒಂದರ ಮೇಲೊಂದು ತೆಳು ಹಾಳೆ. ಹಾಳೆಗಳ ನಡುವೆ ನೀರು ನುಗ್ಗಿದರೆ ಕಟ್ಟು ಉಬ್ಬುತ್ತದೆ, ನೀರು ಹೋದರೆ ಕುಗ್ಗುತ್ತದೆ. ಬ್ಯಾಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡೋದು, ಮಳೆಗಾಲದಲ್ಲಿ ಅದೇ ಹೊಲ ರಾಡಿಯಾಗಿ ಕಾಲಿಗೆ ಮೆತ್ತೋದು ಇದೇ ಕಾರಣಕ್ಕೆ.

ರಸ್ತೆಗೆ ಇದರಿಂದ ಎರಡು ತೊಂದರೆ. ಒಂದು, ನೆನೆದಾಗ ಬಲ ಇರೋದಿಲ್ಲ. ಮಣ್ಣಿನ ಬಲ ಅಳೆಯಲು ನಾವು ಸಿಬಿಆರ್ ಪರೀಕ್ಷೆ ಮಾಡ್ತೇವೆ. ನಾಲ್ಕು ದಿನ ನೆನೆಸಿದ ಎರಿ ಮಣ್ಣಿನ ಸಿಬಿಆರ್ ಸಾಮಾನ್ಯವಾಗಿ ಶೇ. 2-3ರ ಆಸುಪಾಸು. ದಿನಕ್ಕೆ 450ಕ್ಕಿಂತ ಹೆಚ್ಚು ವಾಣಿಜ್ಯ ವಾಹನ ಓಡಾಡುವ ರಸ್ತೆಯ ತಳಮಣ್ಣಿಗೆ ಶೇ. 5ಕ್ಕಿಂತ ಹೆಚ್ಚು ಬೇಕು ಅನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ:37. ಎರಡನೆಯದು ಇನ್ನೂ ಕಠಿಣ: ಉಬ್ಬು-ಕುಗ್ಗು ಎಲ್ಲ ಕಡೆ ಒಂದೇ ಸಮ ಆಗೋದಿಲ್ಲ. ರಸ್ತೆಯ ನಡುವಿನ ಮಣ್ಣು ಡಾಂಬರಿನ ಅಡಿಯಲ್ಲಿ ಮುಚ್ಚಿಕೊಂಡಿರುವುದರಿಂದ ಅದರ ತೇವ ಹೆಚ್ಚು ಬದಲಾಗೋದಿಲ್ಲ. ಅಂಚಿನ ಮಣ್ಣು ಮಾತ್ರ ಪ್ರತಿ ವರ್ಷ ನೆನೆದು ಒಣಗುತ್ತದೆ. ಆದ್ದರಿಂದಲೇ ನಮ್ಮ ಕಡೆ ರಸ್ತೆಯ ಅಂಚಿಗೆ ಸಮಾನಾಂತರವಾಗಿ ಉದ್ದಕ್ಕೆ ಸೀಳು ಬೀಳೋದು. ಆ ಸೀಳಿನಲ್ಲಿ ನೀರು ಇಳಿಯುತ್ತದೆ, ಮಣ್ಣು ಇನ್ನಷ್ಟು ಉಬ್ಬುತ್ತದೆ, ಮುಂದಿನ ಮಳೆಗಾಲಕ್ಕೆ ತಗ್ಗು ತಯಾರು. ಕಾಂಕ್ರೀಟ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನೋದು ತಪ್ಪು. ತಳ ಸರಿಯಿಲ್ಲದಿದ್ದರೆ ಕಾಂಕ್ರೀಟ್ ಹಲಗೆಯೂ ಬಿರುಕು ಬಿಡುತ್ತದೆ, ಮತ್ತು ಅದನ್ನು ರಿಪೇರಿ ಮಾಡೋದು ಡಾಂಬರಿಗಿಂತ ಕಷ್ಟ.

ಎರಡು ಹಾದಿ: ಗರಸು ಅಥವಾ ಸುಣ್ಣ

ಮೊದಲ ಹಾದಿ ಎಲ್ಲರಿಗೂ ಗೊತ್ತಿರುವಂಥದ್ದು. ಎರಿ ಮಣ್ಣನ್ನು ತೆಗೆದು, ಉಬ್ಬದ ಮಣ್ಣನ್ನು, ಅಂದ್ರೆ ಒಳ್ಳೆಯ ಗರಸನ್ನು 60 ಸೆಂ.ಮೀ.ನಿಂದ 1 ಮೀಟರ್ ದಪ್ಪಕ್ಕೆ ತುಂಬೋದು. ಮೇಲಿನ ಭಾರಕ್ಕೆ ಕೆಳಗಿನ ಮಣ್ಣಿನ ಉಬ್ಬು ತಗ್ಗುತ್ತದೆ, ತೇವದ ಏರಿಳಿತವೂ ಕಡಿಮೆಯಾಗುತ್ತದೆ.

ಎರಡನೇ ಹಾದಿ, ಇದ್ದ ಮಣ್ಣಿಗೇ ಸುಣ್ಣ ಬೆರೆಸೋದು. ಸುಣ್ಣದ ಕ್ಯಾಲ್ಸಿಯಂ ಅಯಾನುಗಳು ಜೇಡಿ ಹಾಳೆಗಳ ಮೇಲಿರುವ ಸೋಡಿಯಂನಂಥ ಅಯಾನುಗಳನ್ನು ತಳ್ಳಿ ಆ ಜಾಗ ಹಿಡಿಯುತ್ತವೆ. ಕೆಲವೇ ತಾಸಿನಲ್ಲಿ ಅಂಟು ಮಣ್ಣು ಕಾಳುಕಾಳಾಗಿ ಪುಡಿಯಾಗುತ್ತದೆ. ರೋಲರ್ ಓಡಿಸಲು ಬರುತ್ತದೆ. ಇದು ಮೊದಲ ಹಂತ. ಆಮೇಲೆ ನಿಧಾನದ ಹಂತ: ಸುಣ್ಣದಿಂದ ಮಣ್ಣಿನ ಪಿಎಚ್ 12.4ರ ಹತ್ತಿರ ಏರಿದಾಗ ಜೇಡಿಯೊಳಗಿನ ಸಿಲಿಕಾ ಮತ್ತು ಅಲ್ಯುಮಿನಾ ಕರಗಿ, ಕ್ಯಾಲ್ಸಿಯಂ ಜೊತೆ ಸೇರಿ, ಸಿಮೆಂಟಿನಲ್ಲಿ ಆಗುವಂಥದೇ ಬಂಧ ಕಟ್ಟುತ್ತದೆ. ಇದಕ್ಕೆ ವಾರಗಳು, ತಿಂಗಳುಗಳು ಬೇಕು. ಸಾಮಾನ್ಯವಾಗಿ ಮಣ್ಣಿನ ತೂಕದ ಶೇ. 3ರಿಂದ 6ರಷ್ಟು ಸುಣ್ಣ ಸಾಕಾಗುತ್ತದೆ. ಎಷ್ಟು ಅನ್ನೋದನ್ನು ಅಂದಾಜಿನಿಂದ ಅಲ್ಲ, ಪಿಎಚ್ ಪರೀಕ್ಷೆಯಿಂದ ತಿಳಿಯಬೇಕು.

ಒಂದು ಎಚ್ಚರಿಕೆ. ಮಣ್ಣಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಸುಣ್ಣ ಹಾಕಬಾರದು. ಎಟ್ರಿಂಗೈಟ್ ಎಂಬ ಹರಳು ಬೆಳೆದು ಮಣ್ಣು ಮೊದಲಿಗಿಂತ ಹೆಚ್ಚು ಉಬ್ಬುತ್ತದೆ. ಸಲ್ಫೇಟ್ ಪರೀಕ್ಷೆ ಬಿಟ್ಟು ಸುಣ್ಣ ಸುರಿದರೆ ಔಷಧವೇ ವಿಷ ಆದಂಗ.

ಯಾವುದು ಹಸಿರು? ಲೆಕ್ಕ ಹಾಕಿ ನೋಡೋಣ

"ಸ್ಥಳೀಯ ಮಣ್ಣು ಬಳಸಿದರೆ ಹಸಿರು" ಅಂತ ಬರೆದು ಮುಗಿಸಬಹುದಿತ್ತು. ಆದರೆ ನಾವು ಎಂಜಿನಿಯರಿಂಗ್ ಓದ್ತಿರೋರು. ಕ್ಯಾಲ್ಕ್ಯುಲೇಟರ್ ಹೊರಗ ತಗೀರಿ.

ಪಾರ್ಕಿನೊಳಗೆ 1 ಕಿ.ಮೀ. ಉದ್ದ, 10 ಮೀಟರ್ ಅಗಲದ ರಸ್ತೆ ಅಂತ ಇಟ್ಟುಕೊಳ್ಳೋಣ. ಗರಸಿನ ಹಾದಿಯಲ್ಲಿ 60 ಸೆಂ.ಮೀ. ಬದಲಿಸಬೇಕಾದರೆ 6,000 ಘನ ಮೀಟರ್ ಮಣ್ಣು ಹೊರಗೆ, ಅಷ್ಟೇ ಗರಸು ಒಳಗೆ. ಒಂದು ಟಿಪ್ಪರ್‌ಗೆ 10 ಘನ ಮೀಟರ್ ಅಂದ್ರೆ, ಸಡಿಲ ಮಣ್ಣಿನ ಉಬ್ಬು ಬಿಟ್ಟು ಲೆಕ್ಕ ಹಾಕಿದರೂ, ಒಟ್ಟು 1,200 ಟ್ರಿಪ್. ಹೋಗಿ ಬರಲು 60 ಕಿ.ಮೀ. ಆದರೆ 72,000 ಕಿ.ಮೀ. ಓಡಾಟ. ಲೀಟರಿಗೆ 3.5 ಕಿ.ಮೀ. ಅಂದ್ರೆ ಸುಮಾರು 20,500 ಲೀಟರ್ ಡೀಸೆಲ್, ಲೀಟರಿಗೆ 2.68 ಕೆ.ಜಿ.ಯಂತೆ ಸುಮಾರು 55 ಟನ್ ಇಂಗಾಲದ ಡೈಆಕ್ಸೈಡ್.

ಸುಣ್ಣದ ಹಾದಿಯಲ್ಲಿ ಮೇಲಿನ 30 ಸೆಂ.ಮೀ.ಗೆ ಶೇ. 4 ಸುಣ್ಣ ಬೆರೆಸುತ್ತೇವೆ ಅನ್ನೋಣ. 3,000 ಘನ ಮೀಟರ್, ಅಂದ್ರೆ ಸುಮಾರು 4,800 ಟನ್ ಮಣ್ಣು; ಅದಕ್ಕೆ 192 ಟನ್ ಅರಳಿದ ಸುಣ್ಣ. 16 ಟನ್ನಿನ 12 ಲಾರಿ ಸಾಕು! 1,200 ಟ್ರಿಪ್ ಎಲ್ಲಿ, 12 ಎಲ್ಲಿ? ಆದರೆ ಇಲ್ಲೇ ತಡೀರಿ. ಸುಣ್ಣದ ಕಲ್ಲು ಸುಟ್ಟಾಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಪಿಯುಸಿ ಕೆಮಿಸ್ಟ್ರಿ ನೆನಪಿಸಿಕೊಳ್ಳಿ: 74 ಗ್ರಾಂ ಅರಳಿದ ಸುಣ್ಣಕ್ಕೆ 44 ಗ್ರಾಂ. 192 ಟನ್ನಿಗೆ ಸುಮಾರು 114 ಟನ್ ಆಯಿತು, ಭಟ್ಟಿಯ ಇಂಧನ ಬೇರೆ.

ಅಂದ್ರೆ ಬರೀ ಕಾರ್ಬನ್ ಲೆಕ್ಕದಲ್ಲಿ ಸುಣ್ಣ ಸೋತಿತು. ನಾನು ಲೆಕ್ಕ ಹಾಕುವ ಮೊದಲು ಉಲ್ಟಾ ಇರಬಹುದು ಅಂದುಕೊಂಡಿದ್ದೆ. ಆದರೆ ಗರಸಿನ ಖಾತೆಯಲ್ಲಿ ಬರೆಯದೆ ಬಿಟ್ಟದ್ದೂ ಇದೆ: ಯಾವುದೋ ಊರಿನ ಗುಡ್ಡದಲ್ಲಿ ಬೀಳುವ 6,000 ಘನ ಮೀಟರಿನ ಗುಂಡಿ, ಹಳ್ಳಿಯ ರಸ್ತೆಯ ಮೇಲೆ 1,200 ಟಿಪ್ಪರ್ ಓಡಿದಾಗ ಆಗುವ ಹಾಳು, ಧೂಳು, ಮತ್ತು ಹೊರಗೆ ಸಾಗಿಸಿದ ಫಲವತ್ತಾದ ಎರಿ ಮಣ್ಣು. ಆ ಮಣ್ಣು ಯಾವುದೋ ನಾಲಾಕ್ಕೆ ಬಿದ್ದರೆ ನಷ್ಟ. ಮೇಲ್ಪದರವನ್ನು ಬೇರೆ ತೆಗೆದಿಟ್ಟು ಅಕ್ಕಪಕ್ಕದ ಹೊಲಕ್ಕೋ ಪಾರ್ಕಿನ ತೋಟಕ್ಕೋ ಹಾಕಿದರೆ ಲಾಭ. ಸುಣ್ಣದ ಹಾದಿಯಲ್ಲೂ ಒಂದು ಪಾಲು ಸುಣ್ಣದ ಬದಲು ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಅಥವಾ ಉಕ್ಕಿನ ಕಾರ್ಖಾನೆಯ ಅರೆದ ಸ್ಲ್ಯಾಗ್ ಬಳಸಿ ಆ 114 ಟನ್ ಇಳಿಸಬಹುದು. ರಾಯಚೂರಿನ ಬೂದಿ, ತೋರಣಗಲ್ಲಿನ ಸ್ಲ್ಯಾಗ್ ಎರಡೂ ನಮ್ಮ ಉತ್ತರ ಕರ್ನಾಟಕದವೇ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಇರೋದು ನಕ್ಷೆಯ ಹಂತದಲ್ಲಿ. ರಸ್ತೆಯ ಉದ್ದ ಶೇ. 20 ಕಡಿಮೆ ಮಾಡಿದರೆ ಮೇಲಿನ ಎಲ್ಲ ಅಂಕಿಗಳೂ ಶೇ. 20 ಇಳಿಯುತ್ತವೆ. ಮತ್ತು ಹದಿನೈದು ವರ್ಷ ಬಾಳುವ ರಸ್ತೆಯನ್ನು ಮೂರು ವರ್ಷಕ್ಕೊಮ್ಮೆ ಅಗೆದು ಹಾಕುವ ರಸ್ತೆಗೆ ಹೋಲಿಸಿದರೆ, ಯಾವ ಹಾದಿ ಹಿಡಿದರೂ ಗಟ್ಟಿ ತಳವೇ ಗೆಲ್ಲುತ್ತದೆ.

ಪಾರ್ಕಿನ ನೀರು ಯಾರ ಮನೆಗೆ?

2022ರ ಆಗಸ್ಟ್ 30. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಮಳೆ, ಐಟಿ ಉದ್ಯೋಗಿಗಳು ತಾಸುಗಟ್ಟಲೆ ದಾರಿಯಲ್ಲೇ. ಆ ಒಂದು ದಿನಕ್ಕೆ 225 ಕೋಟಿ ರೂಪಾಯಿ ನಷ್ಟ ಅಂತ ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಮುಂದಿನ ವಾರ ಟೆಕ್ ಪಾರ್ಕುಗಳ ಮುಂದೆ ಟ್ರ್ಯಾಕ್ಟರಿನಲ್ಲಿ ಕೂತು ಆಫೀಸಿಗೆ ಹೋದ ಉದ್ಯೋಗಿಗಳ ಫೋಟೋ ನೀವೆಲ್ಲ ನೋಡಿದ್ದೀರಿ. ಕೆರೆಯಿಂದ ಕೆರೆಗೆ ನೀರು ಒಯ್ಯುವ ಕಾಲುವೆಗಳನ್ನು ಮುಚ್ಚಿ, ಕಿರಿದು ಮಾಡಿ ಕಟ್ಟಿದ್ದರ ಫಲ ಅದು.

ಹುಬ್ಬಳ್ಳಿಗೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಜಾಸ್ತಿ ಏನಲ್ಲ. ಆದರೆ ನೀರು ನಿಲ್ಲೋದು ವರ್ಷದ ಮಳೆಯಿಂದಲ್ಲ, ಒಂದು ತಾಸಿನ ಮಳೆಯಿಂದ. 25 ಎಕರೆಯ, ಅಂದ್ರೆ ಸುಮಾರು 10 ಹೆಕ್ಟೇರ್ ಹೊಲ ಪಾರ್ಕ್ ಆಗುತ್ತದೆ ಅನ್ನೋಣ. ತಾಸಿಗೆ 50 ಮಿ.ಮೀ. ಮಳೆ. ಬಿದ್ದ ನೀರು 5,000 ಘನ ಮೀಟರ್. ಹೊಲ ಇದ್ದಾಗ ಅದರಲ್ಲಿ ಶೇ. 30 ಹರಿದು ಹೋಗುತ್ತಿತ್ತು ಅಂತ ಹಿಡಿದರೆ 1,500 ಘನ ಮೀಟರ್. ಛಾವಣಿ, ರಸ್ತೆ, ಪಾರ್ಕಿಂಗ್ ಬಂದ ಮೇಲೆ ಶೇ. 85, ಅಂದ್ರೆ 4,250. ರ್‍ಯಾಷನಲ್ ವಿಧಾನದಲ್ಲಿ ಹರಿವಿನ ವೇಗ ನೋಡಿದರೆ ಸೆಕೆಂಡಿಗೆ 0.42 ಘನ ಮೀಟರ್ ಇದ್ದದ್ದು 1.18 ಆಯಿತು. ಸುಮಾರು ಮೂರು ಪಟ್ಟು. ಹೊರಗಿನ ಗಟಾರ ಮಾತ್ರ ಮೊದಲಿನದೇ.

ಹೆಚ್ಚಾದ ಆ 27.5 ಲಕ್ಷ ಲೀಟರ್ ಎಲ್ಲಿಗೆ ಹೋಗಬೇಕು? ಇಳಿಜಾರು ಇದ್ದ ಕಡೆ ಹೋಗುತ್ತದೆ. ಇಳಿಜಾರಿನ ಕೊನೆಗೆ ಇರೋದು ಹಳೆಯ ಓಣಿಗಳು. ಅಲ್ಲಿ ರಸ್ತೆಯ ಮೇಲೆ ರಸ್ತೆ ಹಾಕಿ ಹಾಕಿ ಮನೆಯ ಹೊಸ್ತಿಲು ರಸ್ತೆಗಿಂತ ಕೆಳಗಾಗಿದ್ದರೆ, ಮೇಲಿನ ಪಾರ್ಕಿನ ನೀರು ಆ ಮನೆಯ ಅಡುಗೆಮನೆಗೆ ಬರುತ್ತದೆ. ಪಾರ್ಕಿನ ಗೇಟಿನ ಒಳಗೆ ಒಂದು ಹನಿ ನಿಲ್ಲದಿದ್ದರೆ ಡ್ರೇನೇಜ್ ಡಿಸೈನ್ ಚಲೋ ಅದ ಅಂತ ಸರ್ಟಿಫಿಕೇಟ್ ಕೊಟ್ಟುಬಿಡ್ತೇವೆ. ಗೇಟಿನ ಹೊರಗೆ ಏನಾಯ್ತು ಅನ್ನೋದನ್ನೂ ಅದೇ ಎಂಜಿನಿಯರ್ ಕೇಳಬೇಕು.

ಇಂಗುಗುಂಡಿ ಬೇಡ, ಹೊಂಡ ಬೇಕು

"ಮಳೆನೀರು ಇಂಗಿಸಿ" ಅನ್ನೋದು ಎಲ್ಲ ಕಡೆ ಕೇಳುವ ಮಾತು. ಬೇರೆ ಊರಿನ ನಕ್ಷೆ ನೋಡಿ ನೀರು ಇಂಗುವ ಪೇವರ್, ರಸ್ತೆ ಪಕ್ಕ ಇಂಗುಗುಂಡಿ ಇಲ್ಲೂ ಹಾಕಿದರೆ ಏನಾಗುತ್ತದೆ? ಒಣ ಎರಿ ಮಣ್ಣು ಮೊದಲು ಬಿರುಕಿನಲ್ಲಿ ಗಟಗಟ ನೀರು ಕುಡಿಯುತ್ತದೆ, ಆಮೇಲೆ ಉಬ್ಬಿ ಬಾಯಿ ಮುಚ್ಚುತ್ತದೆ. ಆ ಮೇಲೆ ನೀರು ಇಳಿಯೋದೇ ಇಲ್ಲ ಅನ್ನಬಹುದು. ಅಷ್ಟರಲ್ಲಿ ಕುಡಿದ ನೀರು ರಸ್ತೆಯ ಅಂಚನ್ನು ಎತ್ತಿಬಿಟ್ಟಿರುತ್ತದೆ. ಮಸಾರಿ ಮಣ್ಣಿನಲ್ಲಿ ಒಳ್ಳೆಯದಾದ ಉಪಾಯ ಎರಿಯಲ್ಲಿ ರಸ್ತೆಯನ್ನೇ ಕೆಡಿಸುತ್ತದೆ.

ಹಾಗಾದರೆ ಏನು ಮಾಡೋದು? ನಮ್ಮ ಕಡೆಯ ರೈತರನ್ನೇ ನೋಡಿ. ನವಲಗುಂದ ಕಡೆಯ ಹೊಲಗಳಲ್ಲಿ ಸಾಲುಸಾಲು ಕೃಷಿಹೊಂಡ ಇವೆ. ಕೆಂಪು ಮಣ್ಣಿನ ಸೀಮೆಯಲ್ಲಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಆಳವಾದ ಎರಿಯಲ್ಲಿ ಎಷ್ಟೋ ಕಡೆ ಹಾಸದೆಯೇ ನೀರು ನಿಲ್ಲುತ್ತದೆ. ರಸ್ತೆಗೆ ವೈರಿಯಾದ ಗುಣವೇ ಹೊಂಡಕ್ಕೆ ಗೆಳೆಯ. ಪಾರ್ಕಿನ ಅತಿ ತಗ್ಗಿನ ಮೂಲೆಯಲ್ಲಿ, ರಸ್ತೆ ಮತ್ತು ಅಡಿಪಾಯಗಳಿಂದ ದೂರ, ಒಂದು ಹೊಂಡ. 2 ಮೀಟರ್ ಆಳ ಇದ್ದರೆ ನಮ್ಮ 2,750 ಘನ ಮೀಟರಿಗೆ ಬೇಕಾದದ್ದು 1,375 ಚದರ ಮೀಟರ್, ಅಂದ್ರೆ ಒಂದು ಎಕರೆಯ ಮೂರನೇ ಒಂದು ಭಾಗ. 25 ಎಕರೆಯಲ್ಲಿ ಶೇ. 1.4. ದಂಡೆಯ ಇಳಿಜಾರು, ಬೇಲಿ ಸೇರಿಸಿ ಅರ್ಧ ಎಕರೆ ಅನ್ನಿ. ಕೆಳಗಡೆ ಸಣ್ಣ ಪೈಪು ಇಟ್ಟು, ಹೊಲ ಇದ್ದಾಗ ಎಷ್ಟು ಹರಿಯುತ್ತಿತ್ತೋ ಅಷ್ಟನ್ನೇ ಹೊರಗೆ ಬಿಡಬೇಕು. ಮುಂದಿನ ಮಳೆಗೆ ಜಾಗ ಇರಬೇಕಾದ್ದರಿಂದ ಅದನ್ನು ಖಾಲಿ ಮಾಡೋದೂ ಮುಖ್ಯ. ತೋಟಕ್ಕೆ ನೀರು ಕೂಡಿಡಬೇಕಾದರೆ ಅದಕ್ಕೆ ಬೇರೆ ಆಳ ಲೆಕ್ಕ ಹಾಕಬೇಕು.

ರಸ್ತೆಯ ಬದಿಯಲ್ಲಿ ನೀರು ನಿಲ್ಲದ, ತಳ ಗಟ್ಟಿ ಮಾಡಿದ ಗಟಾರ. ಶೋಲ್ಡರ್‌ಗೂ ನೀರು ಇಳಿಯದ ಹೊದಿಕೆ. ಹೆಚ್ಚು ನೀರು ಹೀರುವ ಮರಗಳನ್ನು ಅಂಚಿನಿಂದ ದೂರ ನೆಡೋದು. ಮೂರರ ಗುರಿಯೂ ಒಂದೇ: ತಳದ ಮಣ್ಣಿನ ತೇವ ವರ್ಷವಿಡೀ ಒಂದೇ ಮಟ್ಟದಲ್ಲಿ ಇರಬೇಕು. ತಳ ದಮ್ಮಸು ಮಾಡುವಾಗಲೂ ಇದೇ ಸೂತ್ರ. ಎರಿ ಮಣ್ಣನ್ನು ಪೂರ್ತಿ ಒಣಗಿಸಿ ಬಿಗಿಯಾಗಿ ರೋಲ್ ಮಾಡಿದರೆ ನೆನೆದಾಗ ಹೆಚ್ಚು ಉಬ್ಬುತ್ತದೆ; ಸೂಕ್ತ ತೇವಾಂಶಕ್ಕಿಂತ ಸ್ವಲ್ಪ ಹಸಿಯಾಗಿ ರೋಲ್ ಮಾಡಬೇಕು.

ನಾಲಾದ ಬದಿಗೆ ಏನು ಮಾಡಬಹುದು ಅನ್ನೋದಕ್ಕೆ ಊರಲ್ಲೇ ಒಂದು ಪ್ರಯತ್ನ ಇದೆ. ಉಣಕಲ್ ಕೆರೆಯಿಂದ ಬರುವ ನಾಲಾದ ಗುಂಟ ಸೈಕಲ್ ಮತ್ತು ಕಾಲುದಾರಿಯ ಹಸಿರು ಕಾರಿಡಾರ್ ಯೋಜನೆ. ಸ್ಮಾರ್ಟ್ ಸಿಟಿಯಡಿ, ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ನೆರವಿರುವ ಸಿಟೀಸ್ ಕಾರ್ಯಕ್ರಮಕ್ಕೆ ಆಯ್ಕೆಯಾದ 12 ಯೋಜನೆಗಳಲ್ಲಿ ಇದೂ ಒಂದು. ನಾಲಾಕ್ಕೆ ಬೆನ್ನು ತಿರುಗಿಸದೆ ಮುಖ ಮಾಡಿ ಕಟ್ಟಿದರೆ, ಕನಿಷ್ಠ ಕಸ ಸುರಿಯುವವರಿಗೆ ಯಾರೋ ನೋಡ್ತಿದ್ದಾರೆ ಅನ್ನಿಸುತ್ತದೆ.

ಪಾರ್ಕಿಂಗ್ ಎಂಬ ದೊಡ್ಡ ಹಂಚು

ಓಡಾಡುವ ಜಾಗ ಸೇರಿ ಒಂದು ಕಾರಿಗೆ 25-30 ಚದರ ಮೀಟರ್ ಬೇಕು. 1,000 ಕಾರಿಗೆ ಎರಡೂವರೆಯಿಂದ ಮೂರು ಹೆಕ್ಟೇರ್. ನಮ್ಮ 25 ಎಕರೆಯ ಕಾಲು ಭಾಗ. ನೀರು ಹರಿಸುವ, ಬಿಸಿಲಿಗೆ ಕಾಯುವ ದೊಡ್ಡ ಹಂಚು ಅದು. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ ಹಾದಿ ಇದೆ. ಚಿಗರಿ ಬಸ್ಸುಗಳ ಪ್ರಾಯೋಗಿಕ ಓಡಾಟ 2018ರ ಅಕ್ಟೋಬರಿನಲ್ಲಿ ಶುರುವಾಗಿ, 2020ರ ಫೆಬ್ರುವರಿಯಲ್ಲಿ ಅಧಿಕೃತ ಉದ್ಘಾಟನೆ ಆಯಿತು. ಅದರ ಬಗ್ಗೆ ದೂರು ಎಷ್ಟೇ ಇರಲಿ, ಆ ಹಾದಿಯಿಂದ ನಡೆದು ಹೋಗುವ ದೂರದಲ್ಲಿ ಪಾರ್ಕ್ ಇದ್ದರೆ, ಅಥವಾ ನಿಲ್ದಾಣದಿಂದ ಒಂದು ಸಣ್ಣ ಬಸ್ ಇದ್ದರೆ, 1,000 ಕಾರು 500 ಆಗಬಹುದು. ಆಗ ಉಳಿಯುವ ಜಾಗ ಮೂರು ಎಕರೆಗಿಂತ ಹೆಚ್ಚು. ನಮ್ಮ ಹೊಂಡಕ್ಕೆ ಬೇಕಾದದ್ದು ಅರ್ಧ ಎಕರೆ!

ಒಮ್ಮೆ ಅಗೆದರೆ ಸಾಕು

ಹೊಸ ರಸ್ತೆ ಆದ ಮರುವಾರ ಕೇಬಲ್‌ನವರು ಬಂದು ಅಗೆಯೋದು ನಮ್ಮ ಜೋಕು. ಎರಿ ಮಣ್ಣಿನಲ್ಲಿ ಅದು ಜೋಕಲ್ಲ. ಸರಿಯಾಗಿ ಮುಚ್ಚದ ಪ್ರತಿ ಗುಂಡಿಯೂ ತಳಕ್ಕೆ ನೀರು ಇಳಿಸುವ ಹಾದಿ. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಯಂಥ ಕಡೆ ಟೆಂಡರ್‌ಶ್ಯೂರ್ ಮಾದರಿಯಲ್ಲಿ ನೀರು, ಒಳಚರಂಡಿ, ವಿದ್ಯುತ್, ಕೇಬಲ್ ಎಲ್ಲಕ್ಕೂ ಪಾದಚಾರಿ ಮಾರ್ಗದ ಅಡಿ ಮೊದಲೇ ಜಾಗ ಮಾಡಿಟ್ಟರು. ನಮ್ಮ ವಿದ್ಯಾನಗರದ ಶಿರೂರ ಪಾರ್ಕ್ ಕಡೆಯೂ ಆ ಮಾದರಿಯ ರಸ್ತೆ ಇದೆ. ಖಾಲಿ ಹೊಲದಲ್ಲಿ ಹೊಸದಾಗಿ ಕಟ್ಟುವ ಪಾರ್ಕಿಗೆ ಇದು ಇನ್ನೂ ಸುಲಭ. ಎರಡು ಖಾಲಿ ಪೈಪು ಹೆಚ್ಚಿಗೆ ಹೂತಿಟ್ಟರೆ ಹತ್ತು ವರ್ಷದ ಅಗೆತ ತಪ್ಪುತ್ತದೆ.

ಒಳಚರಂಡಿ ನೀರನ್ನು ಶುದ್ಧ ಮಾಡಿ ತೋಟಕ್ಕೆ, ಶೌಚಾಲಯಕ್ಕೆ ಬಳಸಲು ಎರಡನೇ ಪೈಪಿನ ಸಾಲನ್ನೂ ಈಗಲೇ ಹಾಕಬೇಕು. ಮಲಪ್ರಭೆಯಿಂದ ನೀರು ತರುವ, ಎಷ್ಟೋ ಓಣಿಗಳು ನಳ ಬರುವ ದಿನಕ್ಕಾಗಿ ವಾರಗಟ್ಟಲೆ ಕಾಯುವ ಊರಲ್ಲಿ, ಹುಲ್ಲುಹಾಸಿಗೆ ಕುಡಿಯುವ ನೀರು ಹಾಕೋದು ಸರಿಯಲ್ಲ.

ಮೇಲಿನ ಪದರದ ಬಗ್ಗೆ ಚುಟುಕಾಗಿ ಹೇಳ್ತೇನೆ. ಪ್ಲಾಸ್ಟಿಕ್ ರಸ್ತೆ ಎಲ್ಲರಿಗೂ ಇಷ್ಟದ ವಿಷಯ. ಮಧುರೈನ ಪ್ರೊ. ಆರ್. ವಾಸುದೇವನ್ ರೂಪಿಸಿದ ವಿಧಾನದಲ್ಲಿ ಬಿಸಿ ಖಡಿಯ ಮೇಲೆ ಚೂರು ಪ್ಲಾಸ್ಟಿಕ್ ಉದುರಿಸಿ, ಆಮೇಲೆ ಡಾಂಬರು ಬೆರೆಸುತ್ತಾರೆ. ಐಆರ್‌ಸಿ ಮಾರ್ಗಸೂಚಿಯಂತೆ ಡಾಂಬರಿನ ತೂಕದ ಶೇ. 6-8 ಪ್ಲಾಸ್ಟಿಕ್, ಪಿವಿಸಿ ಮಾತ್ರ ಬೇಡವೇ ಬೇಡ. 7 ಮೀಟರ್ ಅಗಲ, 40 ಮಿ.ಮೀ. ದಪ್ಪದ 1 ಕಿ.ಮೀ. ಪದರಕ್ಕೆ ಸುಮಾರು ಎರಡೂವರೆ ಟನ್ ಹಿಡಿಯುತ್ತದೆ. ಒಳ್ಳೆಯದೇ. ಆದರೆ ತಳ ಉಬ್ಬುವ ಕಡೆ ಮೇಲೆ ಏನು ಬೆರೆಸಿದರೂ ಪ್ರಯೋಜನ ಇಲ್ಲ. ಉದ್ಘಾಟನೆಯ ಫೋಟೋದಲ್ಲಿ ಪ್ಲಾಸ್ಟಿಕ್ ಪದರ ಕಾಣುತ್ತದೆ, ಸುಣ್ಣ ಬೆರೆತ ತಳ ಕಾಣೋದಿಲ್ಲ, ಅಷ್ಟೇ ವ್ಯತ್ಯಾಸ.

ಹಾಸ್ಟೆಲಿನಲ್ಲೇ ಮಾಡಿ ನೋಡ್ರಿ

ಇದನ್ನೆಲ್ಲ ನಂಬಬೇಕಿಲ್ಲ, ಪರೀಕ್ಷಿಸಿ. ಕಾಲೇಜಿನ ಹಿಂದಿನ ಹೊಲದಿಂದ, ಹಳೇ ಹುಬ್ಬಳ್ಳಿಯಲ್ಲಿ ಪಾಯ ತೋಡುತ್ತಿರುವ ಕಡೆಯಿಂದ, ಕಾರವಾರ ರಸ್ತೆಯ ಮೇಲೆ ಮಣ್ಣು ಕೆಂಪಾಗುವ ಕಡೆಯಿಂದ ಒಂದೊಂದು ಮುಷ್ಟಿ ಮಣ್ಣು ತನ್ನಿ. ಒಣಗಿಸಿ, ಪುಡಿ ಮಾಡಿ, 425 ಮೈಕ್ರಾನ್ ಜರಡಿ ಹಿಡಿಯಿರಿ. ಪ್ರತಿ ಮಣ್ಣಿನ 10 ಗ್ರಾಂ ಒಂದು 100 ಮಿ.ಲೀ. ಅಳತೆ ಜಾಡಿಯಲ್ಲಿ ಶುದ್ಧ ನೀರಿಗೆ, ಇನ್ನೊಂದು 10 ಗ್ರಾಂ ಸೀಮೆಎಣ್ಣೆಗೆ ಹಾಕಿ, ಕಲಕಿ, 24 ತಾಸು ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬೋದಿಲ್ಲ. ನೀರಿನಲ್ಲಿ 24 ಮಿ.ಲೀ., ಸೀಮೆಎಣ್ಣೆಯಲ್ಲಿ 12 ಮಿ.ಲೀ. ಬಂದರೆ ಉಬ್ಬು ಶೇ. 100. ಶೇ. 50ರ ಒಳಗಿದ್ದರೆ ಚಿಂತೆ ಕಡಿಮೆ. 100 ದಾಟಿದರೆ ಆ ಜಾಗದಲ್ಲಿ ರಸ್ತೆ ಹಾಕುವ ಮೊದಲು ಎರಡು ಸಲ ಯೋಚಿಸಬೇಕು.

ಆಮೇಲೆ ಅದೇ ಮಣ್ಣಿಗೆ ಶೇ. 4 ಸುಣ್ಣ ಬೆರೆಸಿ, ತೇವ ಮಾಡಿ, ಒಂದು ವಾರ ಬಿಟ್ಟು, ಮತ್ತೆ ಒಣಗಿಸಿ ಅಳೆಯಿರಿ. ಬಂದ ಅಂಕಿಗಳನ್ನು ಊರಿನ ನಕ್ಷೆಯ ಮೇಲೆ ಗುರುತು ಮಾಡುತ್ತಾ ಹೋದರೆ, ನಾಲ್ಕು ವರ್ಷದ ನಾಲ್ಕು ಬ್ಯಾಚು ಸೇರಿ ಹುಬ್ಬಳ್ಳಿಯ ಮಣ್ಣಿನ ಒಂದು ಚಲೋ ನಕ್ಷೆ ಮಾಡಬಹುದು. ನಾಳೆ ಯಾರೋ ಇಲ್ಲಿ ಪಾರ್ಕ್ ಕಟ್ಟಲು ಬಂದಾಗ, "ಸರ್, ಇಲ್ಲಿ ಮಣ್ಣು ಹಿಂಗ ಅದ, ನೀರು ಈ ಕಡೆ ಹರೀತದ, ಕೆಳಗಿನ ಓಣಿ ಇದು" ಅಂತ ತೋರಿಸಲು ನಮ್ಮ ಕೈಯಲ್ಲಿ ಏನಾದರೂ ಇರುತ್ತದೆ.